ಟೈಮಿಂಗ್ ಬೆಲ್ಟ್ ತುಂಡಾದ ಕಾರನ್ನು ತಳ್ಳಬೇಡಿ

ನಮ್ಮ ಕೋಟ, ಮಣೂರು, ತೆಕ್ಕಟ್ಟೆ ಕಡೆ ಸಣ್ಣ ಕೃಷಿಕರ ಮನೆಯಂಗಳದಲ್ಲಿ ಕಾರು ಇದೆ ಎಂದರೆ ಅದು ಬಹುಮಟ್ಟಿಗೆ ಎರಡನೆಯ ಅಥವಾ ಮೂರನೆಯ ಕೈಯದು. ಹೆಸರಿಗೆ ಕಾರು. ಹಿಂದಿನ ಸೀಟು ತೆಗೆದರೆ ತೆಂಗಿನಕಾಯಿ, ತೌಡು, ಹಿಂಡಿ, ನೆಲಗಡಲೆ ಮೂಟೆ, ಬೇಸಿಗೆಯಲ್ಲಿ ಕಲ್ಲಂಗಡಿ ಎಲ್ಲವೂ ಅದರಲ್ಲೇ. ಇಂಥ ಗಾಡಿ ನಡುದಾರಿಯಲ್ಲಿ ನಿಲ್ಲಲು ನೂರು ಕಾರಣ ಇರಬಹುದು. ಅವುಗಳಲ್ಲಿ ಒಂದು ಕಾರಣ ಮಾತ್ರ ಬೇರೆಯವುಗಳ ಹಾಗಲ್ಲ. ಅದು ಟೈಮಿಂಗ್ ಬೆಲ್ಟ್ ತುಂಡಾಗುವುದು. ಬೆಲ್ಟ್ ಸಕಾಲದಲ್ಲಿ ಬದಲಿಸಿದರೆ ಕೆಲವು ಸಾವಿರಕ್ಕೆ ಮುಗಿಯುವ ಕೆಲಸ. ಓಡುವಾಗ ತುಂಡಾದರೆ ಕೆಲವು ಎಂಜಿನ್‌ಗಳಲ್ಲಿ ಹತ್ತಾರು ಸಾವಿರದ ಕೆಲಸ. ಹಳೆ ಗಾಡಿಯಾದರೆ ಗಾಡಿಯ ಕ್ರಯವೇ ಅಷ್ಟು ಇರುವುದಿಲ್ಲ.

ಕುಂಭಾಶಿ ಹತ್ತಿರ ಹೆದ್ದಾರಿಯಲ್ಲಿ ನೆರೆಯವರೊಬ್ಬರ ಡೀಸೆಲ್ ಕಾರು ಹೀಗೆ ನಿಂತಿತ್ತು. ನಾನು ತಲುಪುವಾಗ ನಾಲ್ಕು ಜನ ಸೇರಿದ್ದರು. "ಹ್ವಾಯ್, ಒಂಚೂರ್ ತಳ್ಳಿ ಕಾಂಬ" ಅಂತ ಒಬ್ಬರು ತೋಳು ಮಡಚಿದ್ದರು. ನಮ್ಮಲ್ಲಿ ನಿಂತ ಗಾಡಿ ಕಂಡ ಕೂಡಲೇ ತಳ್ಳುವ ಉಪಕಾರ ಬುದ್ಧಿ ಎಲ್ಲರಿಗೂ ಉಂಟು. ಬ್ಯಾಟರಿ ಇಳಿದಿದ್ದರೆ ಅದು ಉಪಕಾರವೇ ಹೌದು. ಬೆಲ್ಟ್ ತುಂಡಾದ ಗಾಡಿಗೆ ಮಾತ್ರ ಅದು ಅಪಕಾರ. ಯಾಕೆಂದು ತಿಳಿಯಬೇಕಾದರೆ ಈ ಬೆಲ್ಟಿನ ಕೆಲಸ ಏನೆಂದು ನೋಡಬೇಕು.

ಒಂದೇ ಒರಳಿಗೆ ಎರಡು ಒನಕೆ

ಹಿಂದೆ ಇಬ್ಬರು ಹೆಂಗಸರು ಒಂದೇ ಒರಳಿನಲ್ಲಿ ಅವಲಕ್ಕಿ ಕುಟ್ಟುತ್ತಿದ್ದದ್ದನ್ನು ಹಿರಿಯರು ನೋಡಿದ್ದೀರಿ. ಒಬ್ಬರ ಒನಕೆ ಏಳುವಾಗ ಇನ್ನೊಬ್ಬರದು ಇಳಿಯಬೇಕು. ತಾಳ ತಪ್ಪಿದರೆ ಒನಕೆಗೆ ಒನಕೆ ಬಡಿಯುತ್ತದೆ. ಎಂಜಿನ್ನಿನ ಒಳಗೂ ಇದೇ. ಸಿಲಿಂಡರಿನಲ್ಲಿ ಪಿಸ್ಟನ್ ಕೆಳಗಿನಿಂದ ಮೇಲೆ ಬರುತ್ತದೆ. ಮೇಲಿನಿಂದ ವಾಲ್ವ್‌ಗಳು ಅದೇ ಜಾಗಕ್ಕೆ ಇಳಿಯುತ್ತವೆ. ಗಾಳಿ ಒಳಗೆ ಬರಲು ಒಂದು, ಹೊಗೆ ಹೊರಗೆ ಹೋಗಲು ಒಂದು. ಪಿಸ್ಟನ್ನನ್ನು ಆಡಿಸುವುದು ಕೆಳಗಿನ ಕ್ರ್ಯಾಂಕ್. ವಾಲ್ವ್‌ಗಳನ್ನು ಒತ್ತುವುದು ಮೇಲಿನ ಕ್ಯಾಮ್. ಕ್ರ್ಯಾಂಕ್ ಎರಡು ಸುತ್ತು ಬರುವಾಗ ಕ್ಯಾಮ್ ಸರಿಯಾಗಿ ಒಂದು ಸುತ್ತು ಬರಬೇಕು. ಅದಕ್ಕೇ ಕ್ಯಾಮಿನ ಪುಲ್ಲಿಯಲ್ಲಿ ಕ್ರ್ಯಾಂಕಿನದಕ್ಕಿಂತ ಎರಡು ಪಟ್ಟು ಹಲ್ಲುಗಳು. ಈ ಎರಡನ್ನೂ ತಾಳ ತಪ್ಪದಂತೆ ಜೋಡಿಸಿರುವುದೇ ಟೈಮಿಂಗ್ ಬೆಲ್ಟ್.

ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಪ್ರತಿ ವಾಲ್ವ್ ಸೆಕೆಂಡಿಗೆ 25 ಬಾರಿ ತೆರೆದು ಮುಚ್ಚುತ್ತದೆ. ಆ ವೇಗದಲ್ಲಿ ಬೆಲ್ಟ್ ತುಂಡಾದರೆ ಕ್ಯಾಮ್ ತಟ್ಟನೆ ನಿಲ್ಲುತ್ತದೆ. ತೆರೆದಿದ್ದ ವಾಲ್ವ್ ತೆರೆದೇ ಉಳಿಯುತ್ತದೆ. ಗಾಡಿ ಓಡುತ್ತಿರುವುದರಿಂದ ಕ್ರ್ಯಾಂಕ್ ಇನ್ನೂ ಕೆಲವು ಸುತ್ತು ತಿರುಗುತ್ತದೆ, ಪಿಸ್ಟನ್ ಮೇಲೆ ಬಂದು ವಾಲ್ವಿಗೆ ಗುದ್ದುತ್ತದೆ. ವಾಲ್ವಿನ ಕಾಂಡ ಬಾಗುತ್ತದೆ. ಕೆಲವೊಮ್ಮೆ ರಾಕರ್ ಮುರಿಯುತ್ತದೆ, ಪಿಸ್ಟನ್ನಿನ ತಲೆಗೆ ಗಾಯವಾಗುತ್ತದೆ.

ಎಲ್ಲ ಎಂಜಿನ್‌ಗಳೂ ಹೀಗೆ ಹಾಳಾಗುವುದಿಲ್ಲ. ಕೆಲವು ಪೆಟ್ರೋಲ್ ಎಂಜಿನ್‌ಗಳಲ್ಲಿ ವಾಲ್ವ್ ಪೂರ್ತಿ ಇಳಿದರೂ ಪಿಸ್ಟನ್ನಿಗೆ ತಾಗದಷ್ಟು ಜಾಗ ಬಿಟ್ಟಿರುತ್ತಾರೆ. ಅವುಗಳಲ್ಲಿ ಹೊಸ ಬೆಲ್ಟ್ ಹಾಕಿದರೆ ಗಾಡಿ ಮತ್ತೆ ಓಡುತ್ತದೆ. ಡೀಸೆಲ್‌ನಲ್ಲಿ ಆ ಅದೃಷ್ಟ ಕಡಿಮೆ. ಅದು ಗಾಳಿಯನ್ನು ಬಹಳ ಬಿಗಿಯಾಗಿ ಒತ್ತಿಯೇ ಉರಿಯಬೇಕು, ಹಾಗಾಗಿ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ತೀರ ಚಿಕ್ಕದು.

ಟಿಲ್ಲರಿಗೆ ಇಲ್ಲದ ಚಿಂತೆ

ನಮ್ಮ ಟ್ರಾಕ್ಟರ್, ಪವರ್ ಟಿಲ್ಲರ್, ಡೀಸೆಲ್ ಪಂಪ್‌ಸೆಟ್ಟುಗಳಲ್ಲಿ ಈ ಕೆಲಸಕ್ಕೆ ಸಾಮಾನ್ಯವಾಗಿ ಗೇರು ಚಕ್ರಗಳೇ ಇರುತ್ತವೆ. ಎಣ್ಣೆಯಲ್ಲಿ ಮುಳುಗಿ ವರ್ಷಾನುಗಟ್ಟಲೆ ತಿರುಗುತ್ತವೆ. ಹಳೆ ಅಂಬಾಸಿಡರ್ ಪೆಟ್ರೋಲ್ ಕಾರಿನಲ್ಲಿ ಚೈನ್ ಇತ್ತು. ರಬ್ಬರ್ ಹಲ್ಲಿನ ಬೆಲ್ಟನ್ನು ಕಾರಿಗೆ ಮೊದಲು ತಂದದ್ದು ಜರ್ಮನಿಯ ಗ್ಲಾಸ್ ಎಂಬ ಕಂಪೆನಿ, 1962ರಲ್ಲಿ ಮಾರಾಟಕ್ಕೆ ಬಂದ 1004 ಎಂಬ ಕಾರಿನಲ್ಲಿ. ಕಾರಿಗೆ ಕೈಹಾಕುವ ಮುನ್ನ ಈ ಕಂಪೆನಿ ಬಿತ್ತನೆ ಯಂತ್ರ ಮಾಡುತ್ತಿತ್ತು ಎನ್ನುವುದು ನಮಗೆ ಖುಷಿಯ ವಿಷಯ. 1966ರಲ್ಲಿ ಅದನ್ನು ಬಿಎಂಡಬ್ಲ್ಯು ಕೊಂಡುಕೊಂಡಿತು. ಬೆಲ್ಟ್ ಅಗ್ಗ, ಹಗುರ, ಸದ್ದಿಲ್ಲ, ಎಣ್ಣೆ ಬೇಡ. ಹಾಗಾಗಿ ಊರೆಲ್ಲ ಹಬ್ಬಿತು.

ನಮ್ಮಲ್ಲಿ ಇನ್ನೂ ಓಡುತ್ತಿರುವ ಹಳೆ ಗಾಡಿಗಳ ಪೈಕಿ ಮಾರುತಿ 800, ಓಮ್ನಿ, ಹಳೆ ಸ್ಯಾಂಟ್ರೋ, ಹಳೆ ಇಂಡಿಕಾ ಡೀಸೆಲ್, ಡಸ್ಟರ್ ಡೀಸೆಲ್ ಇವೆಲ್ಲ ಬೆಲ್ಟಿನವು. 800 ತಯಾರಿ 2014ರಲ್ಲಿ, ಓಮ್ನಿಯದು 2019ರಲ್ಲಿ ನಿಂತಿದೆ, ಹಾಗಾಗಿ ಈಗ ಸಿಗುವುದು ಹಳತು ಮಾತ್ರ. ಸ್ವಿಫ್ಟಿನ 1.3 ಡೀಸೆಲ್, ಮಾರುತಿಯ ಕೆ ಸರಣಿಯ ಪೆಟ್ರೋಲ್ ಎಂಜಿನ್‌ಗಳು ಚೈನಿನವು. ಚೈನ್ ಇದ್ದವರು ನಿಶ್ಚಿಂತೆಯಿಂದ ಮಲಗಬೇಕೆಂದಲ್ಲ. ಆಯಿಲ್ ಬದಲಿಸದೆ ಓಡಿಸಿದರೆ ಚೈನೂ ಸಡಿಲಾಗಿ ಕಟಕಟ ಸದ್ದು ಮಾಡುತ್ತದೆ. ಆದರೆ ಅದು ಸದ್ದು ಮಾಡಿ ಎಚ್ಚರಿಸುತ್ತದೆ. ಬೆಲ್ಟ್ ಹೆಚ್ಚಿನ ಸಲ ಏನೂ ಹೇಳುವುದಿಲ್ಲ.

ಫ್ಯಾನ್ ಬೆಲ್ಟ್ ಬೇರೆ

ಇವೆರಡನ್ನು ಗಲಿಬಿಲಿ ಮಾಡಿಕೊಳ್ಳುವವರು ಬಹಳ. ಡೈನಮೋ ತಿರುಗಿಸುವ, ಹೊರಗೆ ಕಾಣುವ ಬೆಲ್ಟನ್ನು ನಾವು ಫ್ಯಾನ್ ಬೆಲ್ಟ್ ಎನ್ನುತ್ತೇವೆ. ಅದು ತುಂಡಾದರೆ ಬ್ಯಾಟರಿಯ ಕೆಂಪು ದೀಪ ಬರುತ್ತದೆ, ಎಂಜಿನ್ ನಿಲ್ಲುವುದಿಲ್ಲ. ಕೆಲವು ಗಾಡಿಗಳಲ್ಲಿ ನೀರಿನ ಪಂಪೂ ಅದರಿಂದಲೇ ತಿರುಗುವುದರಿಂದ ಎಂಜಿನ್ ಕಾಯುತ್ತದೆ, ನಿಲ್ಲಿಸಬೇಕು. ಹಿಂದೆ ಇದಕ್ಕೆ ಹಗ್ಗ ಕಟ್ಟಿ ನಾಲ್ಕು ಮೈಲು ಸಾಗಿದವರೂ ಇದ್ದಾರೆ. ಟೈಮಿಂಗ್ ಬೆಲ್ಟಿಗೆ ಅಂಥ ಯಾವ ಕಸರತ್ತೂ ಇಲ್ಲ.

ಟೈಮಿಂಗ್ ಬೆಲ್ಟ್ ಹೋದರೆ ಎಂಜಿನ್ ಕೆಮ್ಮದೆ, ಎಳೆಯದೆ, ಸ್ವಿಚ್ ಆಫ್ ಮಾಡಿದ ಹಾಗೆ ನಿಲ್ಲುತ್ತದೆ. ಕೆಲವೊಮ್ಮೆ ಒಂದು 'ಟಪ್' ಸದ್ದು. ಆಮೇಲೆ ಕೀಲಿ ತಿರುಗಿಸಿದರೆ ಎಂದಿನ 'ಗರ್ ಗರ್ ಗರ್' ಏರಿಳಿತ ಇರುವುದಿಲ್ಲ, ಹೊರೆಯಿಲ್ಲದ ಮೋಟಾರಿನ ಹಾಗೆ 'ಸುಂಯ್' ಎಂದು ಹಗುರವಾಗಿ ತಿರುಗುತ್ತದೆ. ಈ ಸದ್ದು ಒಮ್ಮೆ ಕೇಳಿದರೆ ಸಾಕು, ಕೀಲಿಯಿಂದ ಕೈ ತೆಗೆಯಿರಿ. ತುಂಡಾದ ಕ್ಷಣದಲ್ಲಿ ಒಂದೆರಡು ವಾಲ್ವ್ ಬಾಗಿರಬಹುದು, ಉಳಿದವು ಪಾರಾಗಿರಬಹುದು. ಮತ್ತೆ ಮತ್ತೆ ಸೆಲ್ಫ್ ಹೊಡೆದರೆ, ಅಥವಾ ಗೇರಿನಲ್ಲಿ ಹಾಕಿ ತಳ್ಳಿದರೆ, ಪಾರಾದದ್ದಕ್ಕೂ ಪಿಸ್ಟನ್ ಹೋಗಿ ತಾಗುತ್ತದೆ.

ದಾರಿಯಲ್ಲಿ ಮಾಡಬೇಕಾದದ್ದು

ಎಂಜಿನ್ ನಿಂತಾಗ ಪವರ್ ಸ್ಟೇರಿಂಗ್ ಕಲ್ಲಿನ ಹಾಗೆ ಆಗುತ್ತದೆ. ಬ್ರೇಕ್ ಎರಡು ಮೂರು ಸಲ ಮೆಟ್ಟಿದ ಮೇಲೆ ಗಟ್ಟಿಯಾಗುತ್ತದೆ. ಬ್ರೇಕ್ ಹೋಯಿತೆಂದು ಗಾಬರಿ ಬೇಡ, ಜೋರಾಗಿ ಮೆಟ್ಟಿದರೆ ಹಿಡಿಯುತ್ತದೆ. ಗಾಡಿ ಉರುಳುತ್ತಿರುವಾಗ ಕೀಲಿ ಪೂರ್ತಿ ತೆಗೆಯಬೇಡಿ, ಸ್ಟೇರಿಂಗ್ ಲಾಕ್ ಆದೀತು. ಕ್ಲಚ್ ಒತ್ತಿ ನ್ಯೂಟ್ರಲ್ ಮಾಡಿ ಎಡಕ್ಕೆ ತನ್ನಿ, ನಾಲ್ಕೂ ಇಂಡಿಕೇಟರ್ ಹಾಕಿ. ನಮ್ಮ 66ನೇ ಹೆದ್ದಾರಿಯಲ್ಲಿ ಹಿಂದಿನಿಂದ ಬರುವ ಮೀನು ಲಾರಿ, ಬಸ್ಸುಗಳ ವೇಗ ಎಲ್ಲರಿಗೂ ಗೊತ್ತು. ಜನರನ್ನು ಮೊದಲು ರಸ್ತೆಯಿಂದ ಕೆಳಗೆ ಇಳಿಸಿ. ಬದಿಗೆ ಸರಿಸಲು ತಳ್ಳಬೇಕಾದರೆ ನ್ಯೂಟ್ರಲ್‌ನಲ್ಲಿಯೇ ತಳ್ಳಿ, ಆಗ ಎಂಜಿನ್ ತಿರುಗುವುದಿಲ್ಲ. ಹಗ್ಗ ಕಟ್ಟಿ ಎಳೆಸುವಾಗಲೂ ಅಷ್ಟೇ.

ಬೆಲ್ಟ್ ಹೋದದ್ದು ಹೌದೇ ಎಂದು ಖಚಿತಪಡಿಸುವುದು ಕಷ್ಟವಲ್ಲ. ಬದಿಯ ಪ್ಲಾಸ್ಟಿಕ್ ಮುಚ್ಚಳದ ಮೇಲ್ಭಾಗವನ್ನು ಹೆಚ್ಚಿನ ಗಾಡಿಗಳಲ್ಲಿ ಕೆಲವೇ ಬೋಲ್ಟ್ ಬಿಚ್ಚಿ ತೆಗೆಯಬಹುದು. ತುಂಡಾಗಿದ್ದರೆ ಕಂಡೇ ಕಾಣುತ್ತದೆ. ಇಲ್ಲಿ ಒಂದು ಮೋಸ ಉಂಟು. ಬೆಲ್ಟ್ ಮೇಲಿನಿಂದ ನೋಡಿದರೆ ಇಡಿಯಾಗಿಯೇ ಇರುತ್ತದೆ, ಕೆಳಗೆ ಕ್ರ್ಯಾಂಕ್ ಪುಲ್ಲಿಯ ಹತ್ತಿರ ಹಲ್ಲುಗಳು ಸವರಿ ಹೋಗಿರುತ್ತವೆ. ಆಗ ಮೆಕ್ಯಾನಿಕ್ ಕ್ರ್ಯಾಂಕಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಲ್ಲಿ ಸ್ವಲ್ಪ ತಿರುಗಿಸಿದಾಗ ಮೇಲಿನ ಪುಲ್ಲಿ ಅಲುಗುತ್ತದೆಯೇ ನೋಡಬೇಕು. ಅಲುಗದಿದ್ದರೆ ಬೆಲ್ಟಿನದೇ ಕತೆ.

ಗ್ಯಾರೇಜಿನಲ್ಲಿ ಹಳೆ ಬೆಲ್ಟ್ ಕೇಳಿ ನೋಡಿ

ಹರಿದ ಬೆಲ್ಟ್ ಕಾರಣವನ್ನು ತಾನೇ ಹೇಳುತ್ತದೆ. ಅಂಚು ನೂಲು ನೂಲಾಗಿದ್ದರೆ ಪುಲ್ಲಿ ಓರೆ ಇದೆ. ರಬ್ಬರ್ ಉಬ್ಬಿ ಮೆತ್ತಗಾಗಿದ್ದರೆ ಆಯಿಲ್ ಸೀಲ್ ಸೋರಿದೆ. ಹಲ್ಲುಗಳು ಒಟ್ಟಿಗೆ ಕಿತ್ತುಹೋಗಿದ್ದರೆ ನೀರಿನ ಪಂಪೋ, ಟೆನ್ಶನರ್ ಬೇರಿಂಗೋ ಎಲ್ಲೋ ಹಿಡಿದುಕೊಂಡಿದೆ. ಚಾಕುವಿನಲ್ಲಿ ಕೊಯ್ದ ಹಾಗೆ ನೇರ ತುಂಡಾಗಿದ್ದರೆ ಹಾಕುವಾಗ ಮಡಚಿ ಒಳಗಿನ ಗಾಜಿನ ನೂಲು ಮುರಿದಿರಬಹುದು. ಕಾರಣ ಬಿಟ್ಟು ಬೆಲ್ಟ್ ಮಾತ್ರ ಹಾಕಿದರೆ ಅದೂ ಬೇಗ ಹೋಗುತ್ತದೆ.

ತಲೆ ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡಿಸಿ. ಗುರುತುಗಳನ್ನು ಕೂಡಿಸಿ ಬೆಲ್ಟ್ ಹಾಕಿ, ಸ್ಪ್ಯಾನರಿನಿಂದ ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಬೇಕು. ನಡುವೆ ಗಟ್ಟಿ ತಡೆದರೆ ಬಲ ಹಾಕಬಾರದು. ಸಲೀಸಾಗಿ ತಿರುಗಿ ಗುರುತುಗಳು ಮತ್ತೆ ಕೂಡಿದರೆ ಪ್ರತಿ ಸಿಲಿಂಡರಿನ ಕಂಪ್ರೆಷನ್ ಅಳೆಯಬೇಕು. ಎಲ್ಲವೂ ಸರಿಸಮ ಇದ್ದರೆ ನೀವು ಗೆದ್ದಿರಿ. ಒಂದರಲ್ಲಿ ಏನೂ ಇಲ್ಲದಿದ್ದರೆ ಅಲ್ಲಿ ವಾಲ್ವ್ ಬಾಗಿದೆ, ಹೆಡ್ ಇಳಿಸದೆ ಗತಿಯಿಲ್ಲ. ಹೆಡ್ ಇಳಿಸಿದ ಮೇಲೆ ಬಾಗಿದ ವಾಲ್ವ್, ಅದರ ಗೈಡ್, ಹೊಸ ಗ್ಯಾಸ್ಕೆಟ್ ಎಲ್ಲ ಬರುತ್ತವೆ. ಬಾಗಿದ ವಾಲ್ವನ್ನು ತಟ್ಟಿ ನೇರ ಮಾಡುತ್ತೇನೆ ಎನ್ನುವವರಿಗೆ ಕೈಮುಗಿದು ಬನ್ನಿ.

ನಮ್ಮ ನೆರೆಯವರ ಗಾಡಿಯಲ್ಲಿ ನಾಲ್ಕು ವಾಲ್ವ್ ಬಾಗಿದ್ದವು. ಪಿಸ್ಟನ್ನಿಗೆ ಗೀರು ಮಾತ್ರ. ಗುಜರಿಯಿಂದ ಹಳೆ ಎಂಜಿನ್ ತಂದು ಕೂರಿಸುವುದು ಅಗ್ಗ ಎಂದು ಸಲಹೆ ಬಂತು. ಅವರು ಒಪ್ಪಲಿಲ್ಲ. ನನಗೂ ಅದೇ ಸರಿ ಕಂಡಿತು. ಎಷ್ಟು ಓಡಿದೆಯೆಂದು ಗೊತ್ತಿಲ್ಲದ ಎಂಜಿನ್ನಿಗಿಂತ ಗುಣ ಅವಗುಣ ಗೊತ್ತಿರುವ ಸ್ವಂತ ಎಂಜಿನ್ನಿನ ಹೆಡ್ ಕೆಲಸ ಮಾಡಿಸುವುದು ಮೇಲು, ಪಿಸ್ಟನ್ ಗಟ್ಟಿ ಇದ್ದರೆ ಮಾತ್ರ. ಪಿಸ್ಟನ್ನೂ ಒಡೆದಿದ್ದರೆ ಲೆಕ್ಕ ಬೇರೆ. ಗುಜರಿ ಎಂಜಿನ್ ತಂದರೂ ಗಾಡಿಗೆ ಕೂರಿಸುವ ಮೊದಲೇ ಅದರ ಟೈಮಿಂಗ್ ಬೆಲ್ಟ್ ಬದಲಿಸಬೇಕು.

ಕಿಲೋಮೀಟರ್ ಅಲ್ಲ, ವರ್ಷ ಎಣಿಸಿ

ಬೆಲ್ಟಿನ ಆಯುಷ್ಯ ಗಾಡಿಯಿಂದ ಗಾಡಿಗೆ ಬೇರೆ. ಸಾಮಾನ್ಯವಾಗಿ 60 ಸಾವಿರದಿಂದ ಒಂದು ಲಕ್ಷ ಕಿಲೋಮೀಟರ್ ಒಳಗೆ ಎನ್ನುತ್ತಾರೆ, ಗಾಡಿಯ ಪುಸ್ತಕದಲ್ಲಿ ಇದ್ದದ್ದೇ ಪ್ರಮಾಣ. ನಮ್ಮಂಥವರು ಎಡವುವುದು ಇಲ್ಲಿ. ಕೃಷಿಕರ ಗಾಡಿ ವರ್ಷಕ್ಕೆ ಮೂರು ನಾಲ್ಕು ಸಾವಿರ ಓಡುವುದೇ ಹೆಚ್ಚು. ಹತ್ತು ವರ್ಷವಾದರೂ 40 ಸಾವಿರ ದಾಟುವುದಿಲ್ಲ. "ಇನ್ನೂ ಸಮಯ ಉಂಟಲ್ಲ ಮಾರಾಯ್ರೆ" ಅಂತ ಕೂರುತ್ತೇವೆ. ರಬ್ಬರ್ ನಿಂತಲ್ಲೇ ಮುದಿಯಾಗುತ್ತದೆ, ಸ್ಪ್ರೇಯರಿನ ಪೈಪ್ ಬಿರಿಯುವುದನ್ನು ನೋಡಿಲ್ಲವೇ? ಪುಸ್ತಕದಲ್ಲಿ ವರ್ಷದ ಮಿತಿ ಕೊಟ್ಟಿದ್ದರೆ ಕಿಲೋಮೀಟರ್, ವರ್ಷ ಇವೆರಡರಲ್ಲಿ ಯಾವುದು ಮೊದಲು ಬರುತ್ತದೋ ಆಗಲೇ ಬದಲಿಸಿ. ಐದು ವರ್ಷದ ಮೇಲೆ ಬೆಲ್ಟ್ ಇಟ್ಟು ಓಡಿಸಲು ನನಗಂತೂ ಧೈರ್ಯವಿಲ್ಲ. ಹಳೆ ಗಾಡಿ ಕೊಂಡಾಗ ಬೆಲ್ಟ್ ಬದಲಿಸಿದ ಬಿಲ್ ಇಲ್ಲದಿದ್ದರೆ ಮೀಟರ್ ನಂಬದೆ ಮೊದಲ ವಾರದಲ್ಲೇ ಹೊಸದು ಹಾಕಿಸಿ. ಹಾಕಿದ ತಾರೀಕು, ಕಿಲೋಮೀಟರ್ ಎರಡನ್ನೂ ಬಾನೆಟ್ಟಿನ ಒಳಗೆ ಬರೆದು ಅಂಟಿಸಿ.

ಬೆಲ್ಟಿನ ಜೊತೆ ಟೆನ್ಶನರ್ ಬೇರಿಂಗನ್ನೂ ಬದಲಿಸಲೇಬೇಕು. ನೀರಿನ ಪಂಪ್ ಇದೇ ಬೆಲ್ಟಿನಲ್ಲಿ ತಿರುಗುವುದಾದರೆ ಅದನ್ನೂ, ಸೋರುವ ಸೀಲ್ ಇದ್ದರೆ ಅದನ್ನೂ. ಕೂಲಿ ಒಂದೇ ಸಲ ಕೊಟ್ಟಂತಾಗುತ್ತದೆ. ಕೆಲವು ಡೀಸೆಲ್ ಎಂಜಿನ್‌ಗಳಲ್ಲಿ ಇಂಜೆಕ್ಷನ್ ಪಂಪೂ ಇದೇ ಬೆಲ್ಟಿಗೆ ಜೋಡಿಸಿರುತ್ತದೆ, ಅದರ ಗುರುತೂ ಕೂಡಬೇಕು. ಒಂದು ಹಲ್ಲು ತಪ್ಪಿದರೂ ಎಳೆತ ಕಡಿಮೆ, ಎಣ್ಣೆ ಖರ್ಚು ಹೆಚ್ಚು.

ನಮ್ಮ ಊರಿನದೇ ಎರಡು ತೊಂದರೆ ಬೇರೆ ಇವೆ. ಪಡುಕೆರೆ ಬದಿಯ ಮರಳು, ಉಪ್ಪು ಗಾಳಿ ಒಂದು. ಬೆಲ್ಟಿನ ಮುಚ್ಚಳ ಒಡೆದಿದ್ದರೆ ಮರಳು ನೇರ ಹಲ್ಲಿಗೆ ಹೋಗುತ್ತದೆ, ಪುಲ್ಲಿಗೆ ತುಕ್ಕು ಹಿಡಿಯುತ್ತದೆ. ಎಷ್ಟೋ ಗಾಡಿಗಳಲ್ಲಿ ಕೆಳಗಿನ ಮುಚ್ಚಳವೇ ಇರುವುದಿಲ್ಲ. ಇನ್ನೊಂದು ಇಲಿ. ತೌಡು, ನೆಲಗಡಲೆ ತಂದ ಗಾಡಿಯನ್ನು ಗುಡಿಸದೆ ಬೈಹುಲ್ಲಿನ ಮನೆಯ ಬದಿಗೆ ನಿಲ್ಲಿಸಿದರೆ ಅದು ಎಂಜಿನ್ ಸಂದಿಯಲ್ಲಿ ತೆಂಗಿನ ನಾರು ತಂದು ಗೂಡು ಮಾಡುತ್ತದೆ. ನಾರು ಪುಲ್ಲಿಗೆ ಸಿಕ್ಕಿದರೆ ಬೆಲ್ಟ್ ಹಲ್ಲು ಬಿಟ್ಟು ಹಾರುತ್ತದೆ.

ಅಕ್ಕಿ ಮಿಲ್ಲಿನ ಪಟ್ಟಿಗೆ ಹಚ್ಚುವ ಮೇಣ, ಗ್ರೀಸ್ ಯಾವುದನ್ನೂ ಟೈಮಿಂಗ್ ಬೆಲ್ಟಿಗೆ ಸವರಬಾರದು. ಜಾರುವ ಪಟ್ಟಿಗೆ ಆ ಮದ್ದು, ಹಲ್ಲಿನ ಬೆಲ್ಟ್ ಜಾರುವ ಜಾತಿಯದಲ್ಲ. ಹೊಸ ಬೆಲ್ಟನ್ನು ಮೊದಲೇ ತಂದಿಟ್ಟರೆ ಪಂಪ್ ಶೆಡ್ಡಿನ ಮೊಳೆಗೆ ನೇತುಹಾಕಬೇಡಿ, ಮೊಳೆ ಮುಟ್ಟಿದಲ್ಲಿ ಒಳಗಿನ ನೂಲು ಮಡಚುತ್ತದೆ. ಪೆಟ್ಟಿಗೆಯಲ್ಲಿ ಬಂದ ಹಾಗೆಯೇ ನೆರಳಿನಲ್ಲಿ, ಡೀಸೆಲ್ ಕ್ಯಾನಿನಿಂದ ದೂರ ಇಡಿ.