ಗುಂಪಿಗೆ ಕಳುಹಿಸಿದ ಕ್ಷಮಾಪಣೆ

ಭಾದ್ರಪದ ಶುಕ್ಲ ಪಂಚಮಿಯಿಂದ ಅನಂತ ಚತುರ್ದಶಿಯವರೆಗೆ ದಶಲಕ್ಷಣ ಪರ್ವ. ಅದರ ಬೆನ್ನಿಗೇ ಕ್ಷಮಾವಣಿ. ಆ ದಿನ ಬೆಳಗಾಗುವಷ್ಟರಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯ ಜೈನ ಮನೆಗಳ ಮೊಬೈಲುಗಳು ಕೈಮುಗಿದ ಚಿತ್ರಗಳಿಂದ ತುಂಬಿರುತ್ತವೆ. ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಕ್ಷಮಿಸಿ ಎಂಬ ಒಂದೇ ಒಕ್ಕಣೆ ಮುಂಬಯಿಯ ನೆಂಟರಿಂದಲೂ ಬರುತ್ತದೆ, ಪಕ್ಕದ ಮನೆಯವರಿಂದಲೂ ಬರುತ್ತದೆ. ಆಸ್ತಿ ಪಾಲಿನ ಸಲುವಾಗಿ ವರ್ಷಗಳಿಂದ ಮಾತು ಬಿಟ್ಟ ಒಡಹುಟ್ಟಿದವರು ಒಂದೇ ವಾಟ್ಸ್‌ಆ್ಯಪ್ ಗುಂಪಿನಲ್ಲಿದ್ದರೆ ಇಬ್ಬರಿಗೂ ಅದೇ ಚಿತ್ರ ತಲಪುತ್ತದೆ. ಇಬ್ಬರೂ ಕೈಜೋಡಿಸಿದ ಗುರುತನ್ನು ಒತ್ತುತ್ತಾರೆ. ಬಿಟ್ಟ ಮಾತು ಬಿಟ್ಟ ಹಾಗೆಯೇ ಇರುತ್ತದೆ.

ಎಲ್ಲರನ್ನೂ ಒಟ್ಟಿಗೆ ಕ್ಷಮೆ ಕೇಳುವುದು ಜೈನಾಚಾರಕ್ಕೆ ಹೊಸತಲ್ಲ. ಪ್ರತಿಕ್ರಮಣದಲ್ಲಿ ಶ್ರಾವಕನು ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗಿನ ಸಕಲ ಜೀವಗಳ ಕ್ಷಮೆಯನ್ನು ಬೇಡುತ್ತಾನೆ. ಕಾಲ ಕೆಳಗೆ ಸಿಲುಕಿದ ಇರುವೆಯ ಮನೆಗೆ ಹೋಗಿ ಕ್ಷಮೆ ಕೇಳಲಾಗದು. ಅರಿಯದೆ ಆದ ಹಿಂಸೆಗೆ ಈ ಸಾಮೂಹಿಕ ಪ್ರಾರ್ಥನೆಯೇ ದಾರಿ. ಆದರೆ ಯಾರಿಗೆ, ಎಂದು, ಯಾವ ಮಾತಿನಿಂದ ನೋವಾಯಿತೆಂಬುದು ಚೆನ್ನಾಗಿ ನೆನಪಿರುವಾಗ ‘ತಿಳಿದೋ ತಿಳಿಯದೆಯೋ’ ಎನ್ನುವುದು ಕ್ಷಮಾಪಣೆಗಿಂತ ಹೆಚ್ಚಾಗಿ ಜಾಣತನವಾಗುತ್ತದೆ.

ಈ ಜಾಣತನವನ್ನು ಆಚಾರ್ಯರು ಬಹಳ ಹಿಂದೆಯೇ ಗುರುತಿಸಿದ್ದರು. ಪ್ರಾಯಶ್ಚಿತ್ತದ ಮೊದಲ ಮೆಟ್ಟಿಲು ಆಲೋಚನೆ, ಅಂದರೆ ಮಾಡಿದ ತಪ್ಪನ್ನು ಗುರುವಿನ ಮುಂದೆ ಮುಚ್ಚುಮರೆಯಿಲ್ಲದೆ ನಿವೇದಿಸುವುದು. ಶಿವಕೋಟ್ಯಾಚಾರ್ಯರ ‘ಭಗವತೀ ಆರಾಧನೆ’ ಇದಕ್ಕೆ ಹತ್ತು ದೋಷಗಳನ್ನು ಹೇಳುತ್ತದೆ. ಅವುಗಳಲ್ಲಿ ಒಂದು ‘ಛನ್ನ’: ತಪ್ಪು ತನ್ನದೆಂದು ಒಪ್ಪಿಕೊಳ್ಳದೆ, ಇಂಥ ತಪ್ಪಿಗೆ ಪ್ರಾಯಶ್ಚಿತ್ತವೇನು ಎಂದು ಹೊರಗಿನವನಂತೆ ಕೇಳುವುದು. ಇನ್ನೊಂದು ‘ಶಬ್ದಾಕುಲಿತ’. ಅನೇಕ ಮುನಿಗಳು ಒಟ್ಟಾಗಿ ಆಲೋಚನೆ ಮಾಡುವ ಗದ್ದಲದ ನಡುವೆ, ಗುರುವಿಗೆ ಸರಿಯಾಗಿ ಕೇಳಿಸದಂತೆ, ತನ್ನ ತಪ್ಪನ್ನೂ ಹೇಳಿ ಮುಗಿಸುವುದು. ನೂರಾರು ಕ್ಷಮಾಪಣೆಗಳು ಒಂದರ ಮೇಲೊಂದು ಬಂದು ಬೀಳುವ ಗುಂಪಿನಲ್ಲಿ ತಾನೂ ಒಂದನ್ನು ಹಾಕಿ ಹಗುರಾಗುವವನ ಸ್ಥಿತಿಗೆ ಇದಕ್ಕಿಂತ ತಕ್ಕ ಹೆಸರು ಸಿಗಲಾರದು.

ದಶಧರ್ಮಗಳ ಕ್ರಮವನ್ನೂ ಗಮನಿಸಬೇಕು. ಉತ್ತಮ ಕ್ಷಮೆಯ ಮರುದಿನವೇ ಉತ್ತಮ ಮಾರ್ದವ, ಅದರ ಮರುದಿನ ಆರ್ಜವ. ಕ್ರೋಧ ತಣಿದರೂ ಮಾನಕಷಾಯ ಉಳಿದಿರುತ್ತದೆ. ಮೊಬೈಲು ಕಾಪಾಡುವುದು ಈ ಮಾನವನ್ನೇ. ಸಂದೇಶ ಕಳುಹಿಸಿದವನು ಯಾರ ಹೊಸ್ತಿಲನ್ನೂ ದಾಟಬೇಕಾಗಿಲ್ಲ, ಎದುರಿನವರ ಮುಖ ಬಾಡುವುದನ್ನು ಕಾಣಬೇಕಾಗಿಲ್ಲ. ‘ಅಂದು ನೀನು ಹೀಗೆಂದೆಯಲ್ಲ’ ಎಂಬ ಮಾತನ್ನು ಕೇಳಬೇಕಾಗಿಯೂ ಇಲ್ಲ. ಸಭೆಗಳಲ್ಲಿ ಅನೇಕಾಂತವನ್ನು ಹೊಗಳುವುದು ಸುಲಭ. ತನ್ನ ಬಗೆಗಿನ ದೂರನ್ನು ಎದುರು ಕುಳಿತು ಕೊನೆಯವರೆಗೆ ಕೇಳುವಾಗಲೇ ಅದರ ನಿಜವಾದ ಪರೀಕ್ಷೆ.

ಗುರುವಾಯನಕೆರೆಯಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ, ವೇಣೂರಿನಲ್ಲಿ, 1604ರಲ್ಲಿ ತಿಮ್ಮಣ್ಣ ಅಜಿಲರು ಸ್ಥಾಪಿಸಿದ 35 ಅಡಿ ಎತ್ತರದ ಬಾಹುಬಲಿ ನಿಂತಿದ್ದಾನೆ. ಅವನ ಕಥೆಯೂ ಒಂದು ಸಂದೇಶದಿಂದಲೇ ಕೆಡುತ್ತದೆ. ಭರತನು ತಾನು ಬರಲಿಲ್ಲ, ದೂತನನ್ನು ಕಳುಹಿಸಿದ. ದೂತನ ಮಾತು ಅಣ್ಣತಮ್ಮಂದಿರನ್ನು ರಣರಂಗಕ್ಕೆ ತಂದು ನಿಲ್ಲಿಸಿತು. ಗೆದ್ದ ಬಾಹುಬಲಿ ಎಲ್ಲವನ್ನೂ ತೊರೆದು ಒಂದು ವರ್ಷ ಅಲುಗದೆ ನಿಂತರೂ, ತನ್ನಿಂದ ಅಣ್ಣನಿಗೆ ನೋವಾಯಿತೆಂಬ ಎಳೆಯೊಂದು ಮನಸ್ಸಿನಲ್ಲಿ ಉಳಿದಿತ್ತು ಎನ್ನುತ್ತದೆ ಜಿನಸೇನಾಚಾರ್ಯರ ಪುರಾಣ. ಷಟ್ಖಂಡದ ಒಡೆಯನಿಗೆ ದೂತರ ಕೊರತೆಯಿರಲಿಲ್ಲ. ಆದರೂ ಈ ಬಾರಿ ಭರತನೇ ಬಂದ, ಪೂಜಿಸಿದ; ಬಾಹುಬಲಿಗೆ ಕೇವಲಜ್ಞಾನವಾಯಿತು.

ಮೂಡುಬಿದಿರೆಯ ರತ್ನಾಕರವರ್ಣಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಹದಿನಾರನೆಯ ಶತಮಾನದ ಅವನ ‘ಭರತೇಶ ವೈಭವ’ದಲ್ಲಿ ಯುದ್ಧವೇ ನಡೆಯುವುದಿಲ್ಲ. ತಮ್ಮನನ್ನು ಎದುರಿಗೆ ನಿಲ್ಲಿಸಿಕೊಂಡು ಭರತ ಮೃದುವಾದ ಮಾತಿನಿಂದಲೇ ಅವನನ್ನು ಕರಗಿಸುತ್ತಾನೆ. ಪುರಾಣದ ಕಥೆಯನ್ನು ಹೀಗೆ ತಿರುಗಿಸುವ ಧೈರ್ಯ ಕವಿಗೆ ಎಲ್ಲಿಂದ ಬಂತೋ! ಒಂದೇ ಮನೆಯವರ ಜಗಳಗಳನ್ನು ಹತ್ತಿರದಿಂದ ಕಂಡವನಿಗೆ ಮಾತ್ರ ಹೊಳೆಯುವ ಬದಲಾವಣೆಯಿದು.

ದುಬೈಯಲ್ಲಿ ದುಡಿಯುವ ಮಗನಿಗೆ, ಹಾಸಿಗೆ ಹಿಡಿದ ಅಜ್ಜಿಗೆ ಮೊಬೈಲೇ ಆಸರೆ. 2020ರ ಕೊರೊನಾ ಕಾಲದಲ್ಲಿ ಮನೆಯೊಳಗೇ ಪರ್ವವನ್ನು ಆಚರಿಸಿದವರಿಗೆ ಅದರ ಬೆಲೆ ಗೊತ್ತು. ಅಲ್ಲಿಯೂ ಸಿದ್ಧ ಚಿತ್ರಕ್ಕಿಂತ ಧ್ವನಿ ಮೇಲು; ಧ್ವನಿಗಿಂತ, ತಡವರಿಸಿದರೂ, ಪರದೆಯ ಮೇಲೆ ಕಾಣುವ ಮುಖ ಮೇಲು. ಬಂಟ್ವಾಳದಿಂದ ಸಿದ್ದಕಟ್ಟೆ ಮಾರ್ಗವಾಗಿ ಮೂಡುಬಿದಿರೆಗೆ ಬಂದು ಸೇರಬಲ್ಲವರಿಗೆ ಮಾತ್ರ ದೂರದ ನೆಪ ಹೊಂದುವುದಿಲ್ಲ. ಅವರಲ್ಲಿ ಎಷ್ಟೋ ಮಂದಿ ಹೇಗೂ ಸಾವಿರ ಕಂಬದ ಬಸದಿಗೆ ಬರುತ್ತಾರೆ, ಒಂದೇ ಚಂದ್ರನಾಥ ಸ್ವಾಮಿಗೆ ಕೈಮುಗಿಯುತ್ತಾರೆ. ಮಾತು ಬಿಟ್ಟವರು ಒಬ್ಬರನ್ನೊಬ್ಬರು ಕಾಣದಂತೆ ಮರೆಯಲ್ಲಿ ನಿಲ್ಲಲು ಅಲ್ಲಿ ಕಂಬಗಳಿಗೇನೂ ಕೊರತೆಯಿಲ್ಲ.