ಕಾವಲುಗಾರ ಕೂತ ಜಾಗ

ಮಕ್ಕಳೇ, ಮಳೆ ನಿಂತ ಮೇಲೆ ಅಂಗಳದಲ್ಲಿದ್ದ ಸ್ಕೂಟರನ್ನು ಆಚೆ ಸರಿಸಿ ನೋಡಿದ್ದೀರಾ? ಸುತ್ತಲೂ ಒದ್ದೆ, ಅದರ ಅಡಿ ಮಾತ್ರ ಒಣನೆಲ. ಸ್ಕೂಟರ್ ಎಲ್ಲಿತ್ತೆಂದು ಆ ಜಾಗವೇ ಹೇಳುತ್ತದೆ. ಕಣ್ಣಿಗೆ ಕಾಣದ ಪ್ರೋಟೀನು ಡಿಎನ್‌ಎ ಎಳೆಯ ಮೇಲೆ ಎಲ್ಲಿ ಕೂರುತ್ತದೆ ಎಂಬುದನ್ನು ವಿಜ್ಞಾನಿಗಳು ಹೆಚ್ಚುಕಡಿಮೆ ಹೀಗೆಯೇ ಪತ್ತೆಹಚ್ಚಿದರು. ಬಿ.ಕಾಂ. ಓದಿ ಲೆಡ್ಜರ್ ಬರೆದುಕೊಂಡಿದ್ದ ನನಗೆ ಇದು ತಲೆಗೆ ಹತ್ತಲು ಮೊಮ್ಮಗಳ ಪಕ್ಕ ಮೂರು ಸಂಜೆ ಕೂರಬೇಕಾಯಿತು.

ನಮ್ಮ ಕರುಳಿನಲ್ಲಿ ಇ. ಕೋಲೈ ಎಂಬ ಬ್ಯಾಕ್ಟೀರಿಯಾ ಇದೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಸಿಕ್ಕಾಗ ಅದನ್ನು ಒಡೆಯುವ ಕಿಣ್ವವನ್ನು ಧಾರಾಳವಾಗಿ ತಯಾರಿಸುತ್ತದೆ. ಸಿಗದಿದ್ದರೆ ಆ ಕೆಲಸ ಬಹುತೇಕ ಬಂದ್. ದುಂದುವೆಚ್ಚ ಗೊತ್ತಿಲ್ಲದ ಜೀವಿ! ಆ ಕಿಣ್ವದ ಜೀನನ್ನು ‘ರಿಪ್ರೆಸರ್’ ಎಂಬ ಕಾವಲುಗಾರ ತಡೆದಿಡುತ್ತಾನೆಂದು 1961ರಲ್ಲಿ ಪ್ಯಾರಿಸ್ಸಿನ ಫ್ರಾನ್ಸ್ವಾ ಜಾಕೋಬ್ ಮತ್ತು ಜಾಕ್ ಮೊನೊ ವಾದಿಸಿದರು. 1965ರಲ್ಲಿ ಅವರಿಗೆ ನೊಬೆಲ್ ಕೂಡ ಬಂತು. ಆದರೆ ಆ ಕಾವಲುಗಾರ ಇನ್ನೂ ಯಾರ ಕೈಗೂ ಸಿಕ್ಕಿರಲಿಲ್ಲ.

ಅವನನ್ನು 1966ರಲ್ಲಿ ಹಿಡಿದವರು ಅಮೆರಿಕದ ಹಾರ್ವರ್ಡ್‌ನಲ್ಲಿದ್ದ ವಾಲ್ಟರ್ ಗಿಲ್ಬರ್ಟ್ ಮತ್ತು ಬೆನ್ನೊ ಮ್ಯೂಲರ್-ಹಿಲ್. ಒಂದು ಜೀವಕೋಶದಲ್ಲಿ ಇಂಥ ಪ್ರೋಟೀನಿನ ಕಣಗಳು ಇರುವುದು ಸುಮಾರು ಹತ್ತು! ನಾಲ್ಕಾಣೆ ತಾಳೆಯಾಗದೆ ರಾತ್ರಿ ಒಂಬತ್ತರವರೆಗೆ ಲೆಡ್ಜರ್ ತಡಕಿದ ನನಗೆ ಅವರ ಪಾಡು ಊಹಿಸಬಲ್ಲೆ.

ಅವನು ನಿಜವಾಗಿ ಡಿಎನ್‌ಎ ಮೇಲೆಯೇ ಕೂರುತ್ತಾನೆಯೇ? 1967ರಲ್ಲಿ ಅವರು ರಿಪ್ರೆಸರ್‌ಗೆ ವಿಕಿರಣದ ಗುರುತು ಹಾಕಿ, ಡಿಎನ್‌ಎ ಜೊತೆ ಬೆರೆಸಿ, ಯಂತ್ರದಲ್ಲಿ ಗರಗರ ತಿರುಗಿಸಿದರು. ದೊಡ್ಡ ಡಿಎನ್‌ಎ ಬೇಗ ತಳದತ್ತ ಇಳಿಯುತ್ತದೆ, ಪುಟ್ಟ ಪ್ರೋಟೀನು ಹಿಂದೆ ಉಳಿಯುತ್ತದೆ. ಆದರೆ ಡಿಎನ್‌ಎಯಲ್ಲಿ ಲ್ಯಾಕ್ಟೋಸ್ ಜೀನಿನ ಭಾಗವಿದ್ದಾಗ ರಿಪ್ರೆಸರ್ ಅದನ್ನು ಹಿಡಿದುಕೊಂಡೇ ಕೆಳಗಿಳಿಯಿತು. ಆ ಭಾಗವಿಲ್ಲದ ಡಿಎನ್‌ಎ ಜೊತೆ ಇಳಿಯಲಿಲ್ಲ. ನನಗೆ ಬಹಳ ಹಿಡಿಸಿದ್ದು ಮುಂದಿನ ಪರೀಕ್ಷೆ: ಹಾಲಿನ ಸಕ್ಕರೆಯನ್ನು ಹೋಲುವ ಐಪಿಟಿಜಿ ಎಂಬ ವಸ್ತುವನ್ನು ಬೆರೆಸಿದರೆ, ಹಿಡಿದ ಕೈ ಬಿಟ್ಟುಹೋಯಿತು. ಬ್ಯಾಕ್ಟೀರಿಯಾದ ಒಳಗೆ ನಡೆಯುವುದೆಲ್ಲ ಕೊಳವೆಯಲ್ಲೇ ನಡೆದಂತಾಯಿತು.

ಇನ್ನು ಕೂತ ಜಾಗ. ಡಿಎನ್‌ಎಯನ್ನು ಚೂರು ಮಾಡುವ ಕಿಣ್ವವೊಂದಿದೆ. ಅದು ನಮ್ಮ ಮಳೆಯ ಹಾಗೆ. ಕಾವಲುಗಾರನ ಅಡಿ ಸಿಕ್ಕಿದ ತುಂಡನ್ನು ಮಾತ್ರ ಅದು ಕತ್ತರಿಸಲಾರದು. ಉಳಿದ ತುಂಡು ಸುಮಾರು 27 ಅಕ್ಷರದುದ್ದ. ಅದರಲ್ಲಿ 24 ಅಕ್ಷರಗಳನ್ನು ಓದಿ ಗಿಲ್ಬರ್ಟ್ ಮತ್ತು ಅಲನ್ ಮ್ಯಾಕ್ಸಮ್ 1973ರಲ್ಲಿ ಪ್ರಕಟಿಸಿದರು. ಎರಡು ವರ್ಷದ ದುಡಿಮೆ, ತಿಂಗಳಿಗೊಂದು ಅಕ್ಷರ!

1978ರಲ್ಲಿ ಡೇವಿಡ್ ಗಾಲಸ್ ಮತ್ತು ಆಲ್ಬರ್ಟ್ ಷ್ಮಿಟ್ಸ್ ಇದನ್ನು ಸುಲಭಗೊಳಿಸಿದರು. ಒಂದು ತುದಿಗೆ ಗುರುತು ಹಾಕಿದ ಡಿಎನ್‌ಎಯನ್ನು ಹಗುರವಾಗಿ ಕತ್ತರಿಸಿ, ತುಂಡುಗಳನ್ನು ಉದ್ದದ ಪ್ರಕಾರ ಬೇರ್ಪಡಿಸಿದರೆ, ಫಿಲ್ಮಿನ ಮೇಲೆ ಏಣಿಯಂತೆ ಗೆರೆಗಳು ಮೂಡುತ್ತವೆ. ಪ್ರೋಟೀನು ಕೂತಿದ್ದ ಕಡೆ ಏಣಿಯ ಮೆಟ್ಟಿಲುಗಳೇ ಮಾಯ. ಈ ವಿಧಾನಕ್ಕೆ ಅವರು ‘ಫುಟ್‌ಪ್ರಿಂಟಿಂಗ್’ ಎಂದು ಹೆಸರಿಟ್ಟರು, ಅಂದರೆ ಹೆಜ್ಜೆಗುರುತು ನೋಡುವುದು. ಅದನ್ನು ಪರೀಕ್ಷಿಸಲು ಅವರು ಆರಿಸಿಕೊಂಡದ್ದು ಇದೇ ಹಳೆಯ ಕಾವಲುಗಾರನನ್ನು.