ನಿಮಗಿದು ಗೊತ್ತೆ? ಮರುಭೂಮಿಯಲ್ಲೊಂದು ದೋಣಿವಿಹಾರದ ತೀರ

ಅಮೆರಿಕದ ನೆವಾಡ ಮತ್ತು ಅರಿಜೋನ ರಾಜ್ಯಗಳ ಗಡಿಯಲ್ಲಿ, ಕೊಲರಾಡೊ ನದಿಗೆ ಹೂವರ್ ಅಣೆಕಟ್ಟು ಕಟ್ಟಿದ್ದರಿಂದ ಹುಟ್ಟಿದ್ದು ಲೇಕ್ ಮೀಡ್ ಜಲಾಶಯ. ಅದರ ಸುತ್ತಲಿನ ಪ್ರದೇಶ 1964ರಲ್ಲಿ ಆ ದೇಶದ ಮೊದಲ ರಾಷ್ಟ್ರೀಯ ವಿಹಾರ ಪ್ರದೇಶವಾಯಿತು. ದೋಣಿವಿಹಾರ, ಈಜು, ಮೀನು ಹಿಡಿಯುವುದು, ಡೇರೆ ಹಾಕಿ ತಂಗುವುದು, ಎಲ್ಲಕ್ಕೂ ಇಲ್ಲಿ ಅವಕಾಶವಿದೆ.

ನಡೆಯುವವರಿಗೆ ಇಲ್ಲಿನ ಹಳೆಯ ರೈಲು ಸುರಂಗಗಳ ಹಾದಿ ಬಲು ಇಷ್ಟ. ಅಣೆಕಟ್ಟೆಗೆ ಸಾಮಗ್ರಿ ಸಾಗಿಸಲು 1931ರಲ್ಲಿ ಕೊರೆದ ಐದು ಸುರಂಗಗಳಲ್ಲಿ ಈಗ ಪಾದಚಾರಿಗಳೂ ಸೈಕಲ್ ಸವಾರರೂ ಓಡಾಡುತ್ತಾರೆ.

ಇದಕ್ಕಿಂತ ಮನ ಕಲಕುವ ತಾಣ ಸೇಂಟ್ ಥಾಮಸ್. 1938ರಲ್ಲಿ ಜಲಾಶಯದಲ್ಲಿ ಮುಳುಗಿದ ಈ ಊರಿನ ಅಡಿಪಾಯಗಳು ನೀರು ಇಳಿದಂತೆ ಮತ್ತೆ ಬಯಲಾಗಿವೆ. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಊರು ಕಳೆದುಕೊಂಡವರ ನಾಡಿನ ನಮಗೆ ಅಲ್ಲಿನ ಕುಟುಂಬಗಳ ಸಂಕಟ ಬಿಡಿಸಿ ಹೇಳಬೇಕಿಲ್ಲ. ಈಗ ನೋಡಲು ಹೋದವರು ಆ ಅವಶೇಷಗಳಿಂದ ಏನನ್ನೂ ಎತ್ತಿಕೊಂಡು ಬರುವಂತಿಲ್ಲ. ಆ ನಿಯಮ ಸರಿಯಾದದ್ದೇ.

ಜಲಾಶಯದ ದಡದ ಬಂಡೆಗಳ ಮೇಲೆ ಕಾಣುವ ಅಗಲವಾದ ಬಿಳಿ ಪಟ್ಟಿ, ನೀರು ಹಿಂದೆ ಎಲ್ಲಿಯವರೆಗೆ ನಿಂತಿತ್ತೆಂದು ತೋರಿಸುವ ಖನಿಜಗಳ ಲೇಪ. 2000ದಿಂದೀಚಿನ ದೀರ್ಘ ಬರಗಾಲ ಮತ್ತು ಅತಿ ಬಳಕೆಯಿಂದ ನೀರಿನ ಮಟ್ಟ ಕುಸಿದು, ದೋಣಿ ಇಳಿಸುವ ಹಲವು ಇಳಿಜಾರುಗಳನ್ನು ಮುಚ್ಚಬೇಕಾಯಿತು.

2007ರಲ್ಲಿ ಇಲ್ಲಿ ಕ್ವಾಗಾ ಎಂಬ ಪುಟ್ಟ ಚಿಪ್ಪುಜೀವಿ ಪತ್ತೆಯಾಯಿತು. ದೋಣಿಗಳಿಗೆ ಅಂಟಿಕೊಂಡು ಬೇರೆ ಕೆರೆಗಳಿಗೂ ಹಬ್ಬಿ, ನೀರಿನ ಕೊಳವೆಗಳನ್ನೇ ಮುಚ್ಚಿಬಿಡುವಂಥದ್ದು ಇದು. ಹೀಗಾಗಿ ಹೊರಡುವ ಮುನ್ನ ದೋಣಿಯನ್ನು ತೊಳೆದು, ನೀರು ಬಸಿದು, ಪೂರ್ತಿ ಒಣಗಿಸಲೇಬೇಕು.